ಮೇಸ್ತ್ರಿಯನ್ನು ಕೇಳಿ: ಹಳೇ ಲಾರಿಯ ಇಂಜಿನ್ ಬಿಚ್ಚುವ ಮುಂಚೆ

ಪ್ರಶ್ನೆ: ಮೇಸ್ತ್ರಿಗಳೇ, ನನ್ನದು 2009ರ ಟಾಟಾ 1613, ಕಮ್ಮಿನ್ಸ್ ಇಂಜಿನ್. ಈರುಳ್ಳಿ, ಮೆಕ್ಕೆಜೋಳ, ಸಿಮೆಂಟು, ಯಾವ ಲೋಡ್ ಸಿಕ್ಕರೂ ಹೊಡೆಯುತ್ತೇನೆ. ಮೀಟರ್ 7 ಲಕ್ಷ 80 ಸಾವಿರಕ್ಕೆ ನಿಂತುಹೋಗಿದೆ. ಗಾಡಿ ಈಗಲೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಆದರೆ ನಮ್ಮ ಮೆಕ್ಯಾನಿಕ್ಕು ‘ಇಷ್ಟು ಓಡಿದ ಮೇಲೆ ಇಂಜಿನ್ ಕೆಲಸ ಮಾಡಿಸಿಬಿಡಿ, ದಾರೀಲಿ ಕೈಕೊಟ್ಟರೆ ಕಷ್ಟ’ ಅನ್ನುತ್ತಿದ್ದಾರೆ. ಮಾಡಿಸಲಾ?
– ಓದುಗರು, ಹಿರಿಯೂರು

ಉತ್ತರ: ಸದ್ಯಕ್ಕೆ ಬೇಡ. ಕಿಲೋಮೀಟರ್ ನೋಡಿ ಇಂಜಿನ್ ಬಿಚ್ಚುವುದು ವಯಸ್ಸು ನೋಡಿ ಹಲ್ಲು ಕೀಳಿಸಿದ ಹಾಗೆ. ಬಿಚ್ಚಲೇಬೇಕು ಅಂದರೆ ಇಂಜಿನ್ನೇ ಅದನ್ನು ಹೇಳುತ್ತದೆ.

ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಸ್ಲೋನಲ್ಲಿ ಬಿಟ್ಟು, ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಅದೇ ಬಾಯಿಯ ಮೇಲೆ ಮುಚ್ಚಳವನ್ನು ಮಗುಚಿ ಸುಮ್ನೆ ಇಡಿ. ಸ್ವಲ್ಪ ನಡುಗಿದರೆ ಪರವಾಗಿಲ್ಲ, ಇಷ್ಟು ಓಡಿದ ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಫ್ಯಾನು) ಗಾಡಿಯಲ್ಲಿ ಅದು ಇರುವುದೇ. ಹಾರಿ ಬಿದ್ದರೆ, ಹೊಗೆ ಬುಸುಬುಸು ಬಂದರೆ ಬ್ಯಾಕ್ ಕಂಪ್ರೆಷನ್ ಇದೆ (ಸಿಲಿಂಡರಿನ ಗಾಳಿ ಕೆಳಗೆ ಸೋರುತ್ತಿದೆ), ಪಿಸ್ಟನ್ ರಿಂಗು ಸವೆದಿದೆ ಅಂತ ಅನುಮಾನ ಪಡಿ. ಒಂದು ಸಲ ನೋಡಿ ತೀರ್ಮಾನ ಬೇಡ. ತಿಂಗಳಿಗೊಮ್ಮೆ ನೋಡಿ, ಜಾಸ್ತಿ ಆಗುತ್ತಿದೆಯಾ ಅನ್ನುವುದು ಮುಖ್ಯ. ಆಮೇಲೆ ಆಯಿಲ್ ಲೆಕ್ಕ. ಒಂದು ಆಯಿಲ್ ಚೇಂಜ್‌ನಿಂದ ಇನ್ನೊಂದಕ್ಕೆ ಎಷ್ಟು ಲೀಟರ್ ಟಾಪ್‌ಅಪ್ ಮಾಡಿದಿರಿ, ಬರೆದಿಡಿ. ಮಟ್ಟ ಇಳಿಯುವುದು ಎಲ್ಲರಿಗೂ ಕಾಣುತ್ತದೆ. ಮಟ್ಟ ಏರಿದರೆ ಮಾತ್ರ ಯಾರಿಗೂ ಚಿಂತೆ ಇಲ್ಲ! ಹಾಕದೇ ಆಯಿಲ್ ಏರಿತು ಅಂದರೆ ಡೀಸೆಲ್ಲೋ ನೀರೋ ಸೇರುತ್ತಿದೆ. ಸ್ಟಿಕ್ ಮೂಸಿ ನೋಡಿ, ಡೀಸೆಲ್ ವಾಸನೆ ಗೊತ್ತಾಗುತ್ತದೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದರೆ ನೀರು. ಆವಾಗ ಗಾಡಿ ಓಡಿಸಬೇಡಿ.

ಇದ್ಯಾವುದೂ ಇಲ್ಲ, ಪಿಕಪ್ ಮಾತ್ರ ಸ್ವಲ್ಪ ಕಡಿಮೆ ಅಂದರೆ ಮೊದಲು ಟ್ಯಾಪೆಟ್, ಅಂದರೆ ವಾಲ್ವಿನ ಗ್ಯಾಪ್, ಸೆಟ್ ಮಾಡಿಸಿ. ನಿಮ್ಮ 5.9 ಲೀಟರ್ ಕಮ್ಮಿನ್ಸ್‌ಗೆ ಇಂಜಿನ್ ತಣ್ಣಗಿದ್ದಾಗ ಇನ್‌ಲೆಟ್ 0.25 ಮಿ.ಮೀ., ಎಕ್ಸಾಸ್ಟ್ 0.51 ಮಿ.ಮೀ. ಫೀಲರ್ ಗೇಜ್ ಇಟ್ಟೇ ಮಾಡಿಸಿ. ‘ನನ್ನ ಕಿವಿಗೆ ಗೊತ್ತಾಗುತ್ತೆ’ ಅನ್ನುವ ಮೆಕ್ಯಾನಿಕ್ಕಿಗೆ ಟೀ ಕುಡಿಸಿ ಕಳಿಸಿ.

ಇನ್ನು ಏರ್ ಫಿಲ್ಟರ್. ನಿಮ್ಮ ಕಡೆ ಧೂಳು ಹೇಗಿದೆ ಅಂತ ನಾನು ಹೇಳಬೇಕಾ? ಕ್ಲೀನರ್ ಹುಡುಗರು ಫಿಲ್ಟರನ್ನು ಟೈರಿಗೆ ಬಡಿದು ಧೂಳು ಕೊಡವುತ್ತಾರೆ. ಬಡಿದಾಗ ಕಾಗದದ ಮಡಿಕೆ ಹರಿಯುತ್ತದೆ, ಅಂಚಿನ ರಬ್ಬರು ಸೊಟ್ಟಗಾಗುತ್ತದೆ. ಅಲ್ಲಿಂದ ನುಗ್ಗಿದ ಧೂಳು ರಿಂಗನ್ನು ಮರಳು ಕಾಗದ ಉಜ್ಜಿದಂತೆ ತಿನ್ನುತ್ತದೆ. ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಗೆ, ಪ್ರೆಷರ್ ಕಡಿಮೆ ಇಟ್ಟು. ಆಮೇಲೆ ಕತ್ತಲಲ್ಲಿ ಒಳಗೆ ಬಲ್ಬ್ ಹಿಡಿಯಿರಿ. ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ಚುಚ್ಚಿ ಬಂದರೆ ಆ ಫಿಲ್ಟರ್ ಬಿಸಾಕಿ. ಟರ್ಬೊಗೆ ಹೋಗುವ ಹೋಸಿನ ಕ್ಲಾಂಪುಗಳನ್ನೂ ಅದೇ ಹೊತ್ತಿಗೆ ಕೈಯಿಂದ ಅಲ್ಲಾಡಿಸಿ ನೋಡಿ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ನಮ್ಮ ಚಿತ್ರದುರ್ಗ ಸೀಮೆಯ ಗಡಸು ನೀರು ಟ್ಯೂಬಿನೊಳಗೆ ಬಿಳಿ ಸುಣ್ಣ ಕಟ್ಟುತ್ತದೆ. ಮೊದಮೊದಲು ಗೊತ್ತೇ ಆಗುವುದಿಲ್ಲ. ಏಪ್ರಿಲ್‌ನಲ್ಲಿ ಲೋಡ್ ಹಾಕಿಕೊಂಡು ಏರು ಹತ್ತುವಾಗ ಗೊತ್ತಾಗುತ್ತದೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಸಾಕು.

ನಿಮ್ಮಂಥ ಗಾಡಿಗಳು ದಾರಿಯಲ್ಲಿ ನಿಲ್ಲುವುದು ಇಂಜಿನ್ ಒಳಗಿನ ಕೆಲಸಕ್ಕೆ ಅಲ್ಲ. ಫ್ಯಾನ್ ಬೆಲ್ಟು, ಮೆತ್ತಗಾದ ಹೋಸು, ಒಣಗಿದ ಕ್ರಾಸು (ಪ್ರೊಪೆಲ್ಲರ್ ಶಾಫ್ಟಿನ ಕೀಲು), ಹಬ್ ಬೇರಿಂಗು, ಇಂಥವಕ್ಕೆ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿನ ಕಪ್ ಸುತ್ತ ಕೆಂಪು ಪುಡಿ ಕಂಡರೆ ಒಳಗೆ ಗ್ರೀಸಿಲ್ಲದೆ ಸೂಜಿ ಬೇರಿಂಗು ತುಕ್ಕು ಹಿಡಿದು ಅರೆಯುತ್ತಿದೆ ಅಂತ ಅರ್ಥ. ವೀಲ್ ನಟ್ಟಿನಿಂದ ಡಿಸ್ಕಿನ ಮೇಲೆ ತುಕ್ಕಿನ ಗೆರೆ ಇಳಿದಿದ್ದರೆ ಆ ನಟ್ಟು ಸಡಿಲ. ಸ್ಪ್ರಿಂಗ್ ಪಟ್ಟಿ ಬದಲಾಯಿಸಿದ್ದರೆ, ಅದನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟನ್ನು ಒಂದೆರಡು ಲೋಡ್ ಹೊಡೆದ ಮೇಲೆ ಮತ್ತೆ ಟೈಟ್ ಮಾಡಿಸಿ. ಇದನ್ನು ಯಾರೂ ಮಾಡಿಸಲ್ಲ, ಆಮೇಲೆ ಸೆಂಟರ್ ಬೋಲ್ಟ್ ಕಟ್ಟಾಯಿತು ಅಂತ ಬರುತ್ತಾರೆ.

ಮೀಟರ್ ರಿಪೇರಿ ಮಾಡಿಸಿ. ಅಲ್ಲಿಯವರೆಗೆ ಡೀಸೆಲ್ ಲೆಕ್ಕದಲ್ಲೇ ಸರ್ವಿಸ್ ಮಾಡಿಸಿ. ಲೀಟರಿಗೆ ನಾಲ್ಕೂವರೆ ಕಿ.ಮೀ. ಕೊಡುವ ಗಾಡಿ 2,200 ಲೀಟರ್ ಕುಡಿಯಿತು ಅಂದರೆ ಹೆಚ್ಚುಕಡಿಮೆ 10,000 ಕಿ.ಮೀ. ಓಡಿತು. ಹಳೇ ಇಂಜಿನ್ನಿಗೆ ನಾನು ಅಷ್ಟಕ್ಕೇ ಆಯಿಲ್, ಫಿಲ್ಟರ್ ಬದಲಾಯಿಸಿ ಅನ್ನುತ್ತೇನೆ. ಇನ್ನೂ ಓಡುತ್ತೆ ಅಂತ ಎಳೆಯಬೇಡಿ.

ಪ್ರಶ್ನೆ: ಹಾಸನದಿಂದ ಮಂಗಳೂರಿಗೆ ಲೋಡ್ ಹೊಡೆಯುತ್ತೇನೆ. ಶಿರಾಡಿ ಘಾಟಿ ಇಳಿದು ಗುಂಡ್ಯ ಮುಟ್ಟುವಷ್ಟರಲ್ಲಿ ಹಿಂದಿನ ಎಡ ಚಕ್ರದಲ್ಲಿ ಸುಟ್ಟ ವಾಸನೆ. ಬ್ರೇಕ್ ಲೈನರ್ ಹೊಸದು ಹಾಕಿಸಿದೆ, ವಾಸನೆ ಹೋಗಲಿಲ್ಲ.
– ಓದುಗರು, ಹಾಸನ

ಉತ್ತರ: ಒಂದೇ ಚಕ್ರ ಅಂತ ಬರೆದಿದ್ದು ಒಳ್ಳೆಯದಾಯಿತು. ನಾಲ್ಕೂ ಸುಟ್ಟಿದ್ದರೆ ಇಳಿಸುವ ರೀತಿ ಸರಿ ಇಲ್ಲ ಅನ್ನುತ್ತಿದ್ದೆ.

ಮೊದಲು ಸ್ಲಾಕ್ ಅಡ್ಜಸ್ಟರ್ (ಲೈನರಿಗೂ ಡ್ರಮ್ಮಿಗೂ ನಡುವಿನ ಗ್ಯಾಪ್ ಹೊಂದಿಸುವ ಭಾಗ) ನೋಡಿಸಿ. ಎಡಕ್ಕೂ ಬಲಕ್ಕೂ ಒಂದೇ ಸಮ ಇರಬೇಕು. ಸಮನಾದ ರಸ್ತೆಯಲ್ಲಿ ಸ್ವಲ್ಪ ಓಡಿಸಿ, ನಿಲ್ಲಿಸಿ, ಪ್ರತಿ ಡ್ರಮ್ಮಿನ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ, ಹತ್ತಿರ ಅಷ್ಟೆ. ಬಿಸಿಯಾದ ಡ್ರಮ್ಮನ್ನು ಎಲ್ಲರೂ ಬೈಯುತ್ತಾರೆ. ನಾನು ತಣ್ಣಗಿರುವುದನ್ನೂ ಹುಡುಕುತ್ತೇನೆ. ಅದು ಕೆಲಸ ಮಾಡದೆ ಕೂತಿದ್ದರೆ ಅದರ ಪಾಲನ್ನೂ ಪಕ್ಕದವನೇ ಹೊರಬೇಕಲ್ವಾ?

ಅದೂ ಸರಿ ಇದ್ದರೆ ಡ್ರಮ್ ಬಿಚ್ಚಿಸಿ, ಲೈನರ್ ಮೇಲೆ ಆಯಿಲ್ ಪಸೆ ಇದೆಯಾ ನೋಡಿ. ಇದ್ದರೆ ಬರೀ ಆಯಿಲ್ ಸೀಲ್ ಬದಲಾಯಿಸಿ ಕೈ ತೊಳೆದುಕೊಳ್ಳಬೇಡಿ. ಹಿಂದಿನ ಆಕ್ಸಲ್ ಹೌಸಿಂಗ್ ಮೇಲೆ ಬ್ರೀದರ್ ಅಂತ ಒಂದು ಪುಟ್ಟ ಮೂತಿ ಇರುತ್ತದೆ. ಅದಕ್ಕೆ ಮಣ್ಣು ಮೆತ್ತಿ ಬಾಯಿ ಕಟ್ಟಿದರೆ, ಹೌಸಿಂಗ್ ಬಿಸಿಯಾದಾಗ ಒಳಗಿನ ಗಾಳಿಗೆ ಹೊರಗೆ ದಾರಿ ಸಿಗುವುದಿಲ್ಲ. ಅದು ಆಯಿಲನ್ನು ಸೀಲ್ ದಾಟಿಸಿ ಲೈನರಿಗೆ ತಳ್ಳುತ್ತದೆ. ಸೀಲ್ ಮೇಲೆ ಸೀಲ್ ಹಾಕಿಸಿ ಸುಸ್ತಾದವರ ಗಾಡಿಯಲ್ಲಿ ನಾನು ಮೊದಲು ಕೈ ಹಾಕುವುದು ಆ ಮೂತಿಗೇ. ಡೀಸೆಲ್‌ನಲ್ಲಿ ತೊಳೆದು ಊದಿದರೆ ಆಯಿತು, ಖರ್ಚೇ ಇಲ್ಲ.

ಎಕ್ಸಾಸ್ಟ್ ಬ್ರೇಕ್ (ಹೊಗೆ ಪೈಪನ್ನು ಫ್ಲಾಪ್‌ನಿಂದ ಮುಚ್ಚಿ ಇಂಜಿನ್ನಿನಿಂದಲೇ ಗಾಡಿ ತಡೆಯುವುದು) ಕೆಲಸ ಮಾಡುತ್ತಿದೆಯಾ? ಹಳೇ ಗಾಡಿಗಳಲ್ಲಿ ಮಸಿ ಹಿಡಿದು ಅದರ ಫ್ಲಾಪ್ ಜಾಮ್ ಆಗಿರುತ್ತದೆ, ಡ್ರೈವರ್ ಅದನ್ನು ಮರೆತೇಬಿಟ್ಟಿರುತ್ತಾನೆ. ಇನ್ನು ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ನಲ್ಲಿ ಬಿಡುವ ಚಾಳಿ ಇದ್ದರೆ ದಯವಿಟ್ಟು ಬಿಡಿ. ಇಂಜಿನ್ ಸ್ಲೋನಲ್ಲಿದ್ದಾಗ ಕಂಪ್ರೆಸರ್ ಗಾಳಿ ತುಂಬುವುದು ನಿಧಾನ. ನೀವು ಮೇಲಿಂದ ಮೇಲೆ ಬ್ರೇಕ್ ಒತ್ತಿ ಇರುವ ಗಾಳಿಯನ್ನೂ ಖಾಲಿ ಮಾಡುತ್ತೀರಿ. ದಿನಾ ಬೆಳಿಗ್ಗೆ ಏರ್ ಟ್ಯಾಂಕಿನ ಕಾಕ್ ತೆರೆದು ನೀರು ಬಿಡಿ. ಮಳೆಗಾಲದಲ್ಲಿ ಜಾಸ್ತಿ ಬರುತ್ತದೆ. ನೀರಿನ ಜೊತೆ ಆಯಿಲ್ ಬಂದರೆ ಕಂಪ್ರೆಸರ್ ರಿಂಗಿನ ಕಡೆ ನೋಡಿಸಿ.

ಪ್ರಶ್ನೆ: ಲಾರಿ ನಮ್ಮ ಮನೆಯವರದು. ಅವರಿಗೀಗ ಓಡಾಡಲು ಆಗುವುದಿಲ್ಲ, ಲೆಕ್ಕವೆಲ್ಲ ನಾನೇ ನೋಡುತ್ತೇನೆ. ಡ್ರೈವರ್ ‘ಗ್ರೀಸ್ ಹೊಡೆಸಿದೆ ಅಕ್ಕ’ ಅಂತ ಬಿಲ್ ಕೊಡುತ್ತಾರೆ. ನಿಜವಾ ಅಂತ ನನಗೆ ಹೇಗೆ ಗೊತ್ತಾಗಬೇಕು?
– ಓದುಗರು, ತಿಪಟೂರು

ಉತ್ತರ: ತಾಯಿ, ಗೊತ್ತು ಮಾಡಿಕೊಳ್ಳುವುದು ಸುಲಭ. ಮುಂದಿನ ಚಕ್ರದ ಹಿಂದೆ, ಸ್ಪ್ರಿಂಗ್ ಪಟ್ಟಿ ಶ್ಯಾಕಲ್‌ಗೆ (ಪಟ್ಟಿಯ ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ) ಸೇರುವ ಕಡೆ ಟಾರ್ಚ್ ಹಾಕಿ ನೋಡಿ. ಗ್ರೀಸ್ ನಿಜವಾಗಿ ಒಳಗೆ ಹೋಗಿದ್ದರೆ ಹಳೇ ಕಪ್ಪು ಗ್ರೀಸು ಪಿನ್ನಿನ ಅಂಚಿನಿಂದ ಉಂಗುರದ ಹಾಗೆ ಹೊರಗೆ ಬಂದು, ಹಿಂದೆಯೇ ಹೊಸದು ಇಣುಕಿರುತ್ತದೆ. ಬರೀ ಗ್ರೀಸ್ ತುಂಬುವ ನಿಪ್ಪಲ್ ಮೂತಿಯ ಮೇಲೆ ಒಂದು ಮುದ್ದೆ ಇದ್ದು ಅಂಚು ಒಣಗಿದ್ದರೆ ಒಳಗೆ ಹೋಗಿಲ್ಲ. ಹಾಗಂತ ಡ್ರೈವರೇ ಮೋಸ ಮಾಡಿದ ಅಂದುಕೊಳ್ಳಬೇಡಿ. ಎಷ್ಟೋ ಸಲ ನಿಪ್ಪಲ್ ಕಟ್ಟಿಕೊಂಡಿರುತ್ತದೆ, ಹುಡುಗ ಗನ್ ಒತ್ತಿ ಒತ್ತಿ ಸಾಕಾಗಿ ಮುಂದೆ ಹೋಗಿರುತ್ತಾನೆ. ನಿಪ್ಪಲ್‌ಗೆ ಆಗುವ ಖರ್ಚು ತೀರಾ ಕಡಿಮೆ. ಬದಲಾಯಿಸಿ ಅಂತ ನೀವೇ ಹೇಳಿ.

ಒಂದು ನೋಟ್‌ಬುಕ್ ಇಡಿ. ಪ್ರತಿ ಸಲ ಟ್ಯಾಂಕ್ ಫುಲ್ ಮಾಡಿಸಿ, ಲೀಟರ್ ಮತ್ತು ಕಿ.ಮೀ. ಬರೆಯಿರಿ. ಲೋಡ್ ಎಷ್ಟಿತ್ತು ಅಂತಲೂ ಪಕ್ಕದಲ್ಲಿ ಬರೆಯಿರಿ, ಇಲ್ಲದಿದ್ದರೆ ಕೊಬ್ಬರಿ ಹೊತ್ತ ಟ್ರಿಪ್ಪನ್ನೂ ಖಾಲಿ ವಾಪಸ್ಸು ಬಂದಿದ್ದನ್ನೂ ಹೋಲಿಸಿ ಸುಮ್ನೆ ಜಗಳ ಆಗುತ್ತದೆ. ಅದೇ ಲೋಡ್, ಅದೇ ದಾರಿ, ಆದರೂ ಮೈಲೇಜ್ ಇಳಿಯುತ್ತಲೇ ಇದ್ದರೆ ಗಾಡಿಗೆ ಏನೋ ಆಗಿದೆ. ಫಿಲ್ಟರ್ ಕಟ್ಟಿರಬಹುದು, ಬ್ರೇಕ್ ಹಿಡಿದುಕೊಂಡಿರಬಹುದು, ಇಂಜೆಕ್ಟರ್ ಸೋರುತ್ತಿರಬಹುದು.

ಎಂಟು ವರ್ಷ ದಾಟಿದ ಲಾರಿಗೆ ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್. ಎಫ್‌ಸಿ ಅಂದ ಕೂಡಲೇ ಚಾಸಿಗೆ ಬಣ್ಣ ಬಳಿಸುತ್ತಾರೆ. ಬಣ್ಣ ಬಿದ್ದರೆ ಬಿರುಕು ಮುಚ್ಚಿಹೋಗುತ್ತದೆ. ಅದಕ್ಕೇ ಮೊದಲು ವಾಟರ್ ಸರ್ವಿಸ್, ಆಮೇಲೆ ಪಟ್ಟಿಯ ಬ್ರ್ಯಾಕೆಟ್‌ಗಳ ಸುತ್ತ ಕೂದಲೆಳೆಯಂಥ ತುಕ್ಕಿನ ಗೆರೆ ಇದೆಯಾ ಅಂತ ಮೆಕ್ಯಾನಿಕ್ ಹತ್ತಿರ ನೋಡಿಸಿ. ಬಣ್ಣ ಕೊನೆಗೆ.

ಪ್ರಶ್ನೆ: ಗಾಡಿ ನಿಲ್ಲಿಸಿದ ತಕ್ಷಣ ಆಫ್ ಮಾಡಬಾರದು ಅನ್ನುತ್ತಾರೆ. ಡೀಸೆಲ್ ದಂಡ ಅಲ್ವಾ?
– ಓದುಗರು, ರಾಣೆಬೆನ್ನೂರು

ಉತ್ತರ: ಟರ್ಬೊ ಗಾಡಿಯಾದರೆ ದಂಡ ಅಲ್ಲ. ಏರು ಹತ್ತಿ ಬಂದು ಫಟ್ ಅಂತ ಆಫ್ ಮಾಡಿದರೆ ಆಯಿಲ್ ಬರುವುದು ನಿಲ್ಲುತ್ತದೆ, ಟರ್ಬೊ ಮಾತ್ರ ಕೆಂಡದಷ್ಟು ಬಿಸಿ ಇರುತ್ತದೆ. ಬೇರಿಂಗಿನಲ್ಲಿ ಉಳಿದ ಆಯಿಲ್ ಅಲ್ಲೇ ಸುಟ್ಟು ಗಟ್ಟಿಯಾಗುತ್ತದೆ. ಎರಡು ಮೂರು ನಿಮಿಷ ಸ್ಲೋನಲ್ಲಿ ಬಿಡಿ. ಅದಕ್ಕಿಂತ ಜಾಸ್ತಿ ಬೇಡ. ಊಟ ಮುಗಿಯುವವರೆಗೆ ಓಡಿಸಿಟ್ಟರೆ ಅದು ನಿಜವಾಗಲೂ ದಂಡ.

ಪ್ರಶ್ನೆ: ರೀಮೋಲ್ಡ್ ಟೈರ್ (ಸವೆದ ಟೈರಿನ ಮೇಲೆ ಹೊಸ ರಬ್ಬರು ಹಾಕಿದ್ದು) ಮುಂದಕ್ಕೆ ಹಾಕಬಹುದಾ?
– ಓದುಗರು, ಕೊಪ್ಪಳ

ಉತ್ತರ: ಬೇಡ. ಹಿಂದಕ್ಕೆ ಹಾಕಿ. ಜೋಡಿ ಟೈರ್ ಎರಡೂ ಒಂದೇ ಎತ್ತರ ಇವೆಯಾ ಅಂತ ಅಳೆದೇ ಹಾಕಿಸಿ. ಎತ್ತರದ್ದು ಭಾರವನ್ನೆಲ್ಲ ಹೊತ್ತು ಬಿಸಿಯಾಗಿ ಸಿಡಿಯುತ್ತದೆ.