ವಯಸ್ಸಾದ ತಂದೆತಾಯಿಯನ್ನು ಊಟಿಯ ಉಗಿಬಂಡಿಯಲ್ಲಿ ಮೆಟ್ಟುಪಾಳ್ಯದಿಂದಲೇ ಕರೆದೊಯ್ಯಬಹುದೇ?

ಎಪ್ಪತ್ತು ದಾಟಿದ ತಂದೆತಾಯಿ ಮತ್ತು ಎಂಟು ವರ್ಷದ ಮಗಳೊಂದಿಗೆ ಮೈಸೂರಿನಿಂದ ಹೊರಡುವವರಿದ್ದೀರಿ. ಮೆಟ್ಟುಪಾಳ್ಯದಿಂದ ಊಟಿಯವರೆಗೆ ಐದು ಗಂಟೆ ಕೂರುವುದು ಹಿರಿಯರಿಗೆ ಆಗುತ್ತದೆಯೇ, ಕೂನೂರು–ಊಟಿ ನಡುವಿನ ಚಿಕ್ಕ ಪ್ರಯಾಣವೇ ಸಾಲದೇ ಎಂದು ಕೇಳಿದ್ದೀರಿ. ನಾನು ಈರೋಡು ಜಿಲ್ಲೆಯ ತಾಳವಾಡಿಯವನು. ನಮ್ಮ ಅಪ್ಪ, ಅವ್ವ ಇಬ್ಬರನ್ನೂ ಇದೇ ವಯಸ್ಸಿನಲ್ಲಿ ಈ ರೈಲಿನಲ್ಲಿ ಕರೆದುಕೊಂಡು ಹೋಗಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಅವರನ್ನು ಖಂಡಿತ ಕರೆದೊಯ್ಯಿರಿ. ಆದರೆ ಪ್ರಯಾಣವನ್ನು ಕಡಿಮೆ ಮಾಡಲೇಬೇಕಾದರೆ ಕೂನೂರಿನ ಮೇಲಿನ ಭಾಗವನ್ನು ಬಿಡಿ, ಕೆಳಗಿನ ಭಾಗವನ್ನು ಮಾತ್ರ ಬಿಡಬೇಡಿ.

ಇದಕ್ಕೆ ಕಾರಣವಿದೆ. ಮೆಟ್ಟುಪಾಳ್ಯ ಸಮುದ್ರಮಟ್ಟದಿಂದ ಸುಮಾರು 326 ಮೀಟರ್, ಕೂನೂರು ಸುಮಾರು 1,711 ಮೀಟರ್, ಊಟಿ ಸುಮಾರು 2,203 ಮೀಟರ್ ಎತ್ತರದಲ್ಲಿವೆ. ಒಟ್ಟು 46 ಕಿಲೋಮೀಟರ್ ದಾರಿಯಲ್ಲಿ ಕೂನೂರಿನವರೆಗಿನ ಸುಮಾರು 27 ಕಿಲೋಮೀಟರಿನಲ್ಲಿಯೇ ಏರಿನ ಮುಕ್ಕಾಲು ಪಾಲು ಮುಗಿದುಹೋಗುತ್ತದೆ. ಕಲ್ಲಾರಿನವರೆಗೆ ಅಡಿಕೆ ತೋಟಗಳ ನಡುವೆ ಸಾಧಾರಣ ರೈಲಿನಂತೆ ಸಾಗುವ ಬಂಡಿಯು ಅಲ್ಲಿಂದ ಮುಂದೆ ಹಲ್ಲುಹಳಿಯನ್ನು ಹಿಡಿಯುತ್ತದೆ. ಎರಡು ಹಳಿಗಳ ನಡುವೆ ಹಲ್ಲುಗಳಿರುವ ಎರಡು ಕಬ್ಬಿಣದ ಪಟ್ಟಿಗಳನ್ನು ಜೋಡಿಸಿದ್ದಾರೆ. ಒಂದು ಪಟ್ಟಿಯ ಹಲ್ಲು ಇರುವೆಡೆ ಇನ್ನೊಂದರ ಸಂದು ಬರುವಂತೆ ಜೋಡಿಸಿರುವುದರಿಂದ ಎಂಜಿನ್ನಿನ ಹಲ್ಲುಚಕ್ರಕ್ಕೆ ಯಾವ ಕ್ಷಣದಲ್ಲಿಯೂ ಹಿಡಿತ ತಪ್ಪುವುದಿಲ್ಲ. ಹನ್ನೆರಡು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವಷ್ಟು ಕಡಿದಾದ ದಾರಿ ಅದು. ಸ್ವಿಟ್ಜರ್ಲೆಂಡಿನ ರೋಮನ್ ಆಬ್ಟ್ ರೂಪಿಸಿದ ಈ ಕ್ರಮದಲ್ಲಿ ಓಡುವ ರೈಲು ಭಾರತದಲ್ಲಿ ಇದೊಂದೇ. 1891ರಲ್ಲಿ ಆರಂಭವಾದ ಕೆಲಸ ಕೂನೂರಿನವರೆಗೆ 1899ರಲ್ಲಿ ಮುಗಿದು, ಊಟಿಗೆ ರೈಲು ತಲುಪಿದ್ದು 1908ರಲ್ಲಿ. ಕೂನೂರಿನಿಂದ ಮುಂದೆ ಹಲ್ಲುಹಳಿಯೂ ಇಲ್ಲ, ಸಾಮಾನ್ಯವಾಗಿ ಉಗಿಯಂತ್ರವೂ ಇಲ್ಲ. ಡೀಸೆಲ್ ಎಂಜಿನ್ ಎಳೆದೊಯ್ಯುತ್ತದೆ. ಆ ಭಾಗದ ಕೇತಿ ಕಣಿವೆಯೂ ಟೀ ತೋಟಗಳೂ ಸುಂದರವೇ, ಆದರೆ ಅಂಥ ನೋಟ ಊಟಿಯ ಬಸ್ಸಿನಲ್ಲಿಯೂ ಸಿಗುತ್ತದೆ.

ಹತ್ತುವ ರೈಲನ್ನೇ ಆರಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಏರುವಾಗ ಎಂಜಿನ್ ಮುಂದಿರುವುದಿಲ್ಲ, ಹಿಂದಿನಿಂದ ಡಬ್ಬಿಗಳನ್ನು ತಳ್ಳುತ್ತದೆ. ಯಾವುದಾದರೂ ಕೊಂಡಿ ಕಳಚಿದರೂ ಡಬ್ಬಿಗಳು ಇಳಿಜಾರಿನಲ್ಲಿ ಉರುಳಿ ಹೋಗದಂತೆ ಎಂಜಿನ್ ಕೆಳಬದಿಯಲ್ಲಿ ತಡೆದು ನಿಂತಿರುತ್ತದೆ. ಡಬ್ಬಿಗಳ ಮುಂಭಾಗದ ಕಟ್ಟೆಯಲ್ಲಿ ಬ್ರೇಕ್ ಹಿಡಿಯುವ ಸಿಬ್ಬಂದಿ ನಿಂತು ಬಾವುಟದಿಂದ ಸನ್ನೆ ಮಾಡುವುದನ್ನು ನಿಮ್ಮ ಮಗಳಿಗೆ ತೋರಿಸಿ. ಮುಂದಿನ ಡಬ್ಬಿಗೆ ಹೊಗೆಯ ಕಾಟ ಕಡಿಮೆ, ಹಿಂದಿನ ಡಬ್ಬಿಗೆ ಎಂಜಿನ್ನಿನ ಉಸಿರು ಹತ್ತಿರ. ನಮ್ಮ ಅಪ್ಪನಿಗೆ ದಮ್ಮಿನ ತೊಂದರೆ ಇದ್ದುದರಿಂದ ಸುರಂಗ ಬಂದಾಗಲೆಲ್ಲ ಕಿಟಕಿ ಇಳಿಸಬೇಕಾಯಿತು. ಇಂಥ ಹದಿನಾರು ಸುರಂಗಗಳಿವೆ. ಹಿರಿಯರಿಗೆ ಅಂಥ ತೊಂದರೆ ಇದ್ದರೆ ಎಂಜಿನ್ನಿನಿಂದ ದೂರದ ಡಬ್ಬಿಗಾಗಿ ಪ್ರಯತ್ನಿಸಿರಿ, ಒಂದು ಒದ್ದೆ ಕರವಸ್ತ್ರವನ್ನೂ ಕೈಯಲ್ಲಿಟ್ಟುಕೊಳ್ಳಿ.

ಟಿಕೆಟ್ಟಿನ ವಿಷಯದಲ್ಲಿ ಸೋಮಾರಿತನ ನಡೆಯುವುದಿಲ್ಲ. ಮೆಟ್ಟುಪಾಳ್ಯದಿಂದ ಬೆಳಿಗ್ಗೆ 7.10ಕ್ಕೆ ಹೊರಡುವ ರೈಲಿಗೆ 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ. ರಜೆಯ ದಿನಗಳಿಗೆ ಸೀಟುಗಳು ಬಹಳ ಬೇಗ ಮುಗಿಯುವುದರಿಂದ ಅಂದು ಬೆಳಿಗ್ಗೆ ಎಂಟಕ್ಕೇ ಐಆರ್‌ಸಿಟಿಸಿ ತಾಣವನ್ನು ತೆರೆದು ಕೂರಬೇಕು. ಊರಿನ ಹೆಸರನ್ನು ಹುಡುಕಿ ತಡಕಾಡುವ ಬದಲು ಮೆಟ್ಟುಪಾಳ್ಯಕ್ಕೆ ಎಂಟಿಪಿ, ಊಟಿಗೆ ಯುಎಎಂ ಎಂಬ ನಿಲ್ದಾಣ ಸಂಕೇತಗಳನ್ನು ಬಳಸಿರಿ. ವೆಯ್ಟಿಂಗ್ ಲಿಸ್ಟಿನಲ್ಲಿರುವ ಟಿಕೆಟ್ಟನ್ನು ನಂಬಿ ಮೈಸೂರಿನಿಂದ ಹೊರಡಬೇಡಿ.

ಇನ್ನೊಂದು ಮುಖ್ಯ ಮಾತು: ಹಿಂದಿನ ದಿನವೇ ಮೆಟ್ಟುಪಾಳ್ಯವನ್ನು ತಲುಪಿ ಅಲ್ಲಿಯೇ ಉಳಿಯಿರಿ. ನಾವು ಮೊದಲ ಸಲ ಬೆಳಗಿನ ಜಾವ ತಾಳವಾಡಿಯಿಂದ ಹೊರಟು, ಇಪ್ಪತ್ತೇಳು ಹೇರ್‌ಪಿನ್ ತಿರುವುಗಳಿರುವ ದಿಂಬಂ ಘಾಟಿಯಲ್ಲಿ ಸರಕು ಲಾರಿಯೊಂದು ಅಡ್ಡ ನಿಂತಿದ್ದರಿಂದ, ರೈಲು ಹೋಗಿ ಒಂದು ಗಂಟೆಯ ಮೇಲೆ ನಿಲ್ದಾಣವನ್ನು ಮುಟ್ಟಿದೆವು. ಅವ್ವ ಒಂದು ಮಾತೂ ಆಡದೆ ಖಾಲಿ ಹಳಿಯನ್ನು ನೋಡುತ್ತಾ ಕುಳಿತದ್ದು ನನಗೆ ಇಂದಿಗೂ ನೋವು ಕೊಡುತ್ತದೆ. ಈಗಂತೂ ಕಾಡಿನ ಆ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಆದ್ದರಿಂದ ಚಾಮರಾಜನಗರ, ಹಾಸನೂರು, ಸತ್ಯಮಂಗಲ ಮಾರ್ಗವಾಗಿ ಹಗಲಿನಲ್ಲಿಯೇ ಬಂದುಬಿಡಿ.

ಹಿರಿಯರ ವಿಷಯದಲ್ಲಿ ನಿಜವಾದ ಕಷ್ಟ ಕೂರುವುದಲ್ಲ, ಶೌಚಾಲಯ. ಡಬ್ಬಿಗಳಲ್ಲಿ ಅದರ ವ್ಯವಸ್ಥೆ ಇಲ್ಲ. ಕೂನೂರನ್ನು ಸೇರಲು ಮೂರು ಗಂಟೆಗೂ ಮೀರುತ್ತದೆ. ನಡುವೆ ಹಿಲ್‌ಗ್ರೋವಿನಂಥ ನಿಲ್ದಾಣಗಳಲ್ಲಿ ಎಂಜಿನ್ನಿಗೆ ನೀರು ತುಂಬಿಸಲು ನಿಲ್ಲಿಸಿದಾಗ ಇಳಿದು ಕಾಲಾಡಿಸಬಹುದು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿದ್ದರೆ, ಅಂದಿನ ಮಾತ್ರೆಯ ಹೊತ್ತನ್ನು ಬದಲಿಸಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ನಮ್ಮ ಅವ್ವನ ವಿಷಯದಲ್ಲಿ ಇದನ್ನು ಮರೆತು ಆಕೆಗೆ ಬಹಳ ಸಂಕಟವಾಯಿತು. ಆಸನಗಳು ಇಕ್ಕಟ್ಟಾಗಿರುತ್ತವೆ, ಎದುರಿನವರ ಮೊಣಕಾಲು ತಗಲುತ್ತದೆ. ಆದ್ದರಿಂದ ದೊಡ್ಡ ಸೂಟ್‌ಕೇಸ್ ತರಬೇಡಿ. ಮೆಟ್ಟುಪಾಳ್ಯದ ಸೆಕೆಯಲ್ಲಿ ಸ್ವೆಟರ್ ಬೇಡವೆನಿಸಿದರೂ ಅದು ಕೈಗೆಟುಕುವ ಚೀಲದಲ್ಲಿಯೇ ಇರಲಿ. ಹಿಲ್‌ಗ್ರೋವಿನ ಕೋತಿಗಳು ತಿಂಡಿಯ ಪೊಟ್ಟಣವನ್ನು ಕಿಟಕಿಯಿಂದಲೇ ಕಸಿಯುತ್ತವೆ, ಮಗುವಿನ ಕೈಯಲ್ಲಿ ಏನನ್ನೂ ಕೊಡಬೇಡಿ. ನೀಲಗಿರಿ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧವಿದೆ, ಸ್ಟೀಲ್ ಬಾಟಲಿ ತನ್ನಿ. ಕೂನೂರಿನವರೆಗೆ ಎಡಬದಿಯ ಕಿಟಕಿ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಬೇಸರ ಬೇಡ, ಇನ್ನೂರಕ್ಕೂ ಹೆಚ್ಚು ತಿರುವುಗಳಿರುವ ದಾರಿಯಿದು.

ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಮಳೆಗೆ ಹಳಿಯ ಮೇಲೆ ಮಣ್ಣು, ಬಂಡೆಗಳು ಕುಸಿದು ರೈಲು ದಿನಗಟ್ಟಲೆ ನಿಲ್ಲುವುದುಂಟು. ಮನಸ್ಸಿಗೆ ಹತ್ತಿದ ತಿಂಗಳು ಜನವರಿಯಾದರೆ ಅದೇ ಉತ್ತಮ. ಏಪ್ರಿಲ್, ಮೇ ತಿಂಗಳ ಜನಸಂದಣಿಯಲ್ಲಿ ಹಿರಿಯರು ಬಳಲುತ್ತಾರೆ.

ಕೂನೂರಿನಲ್ಲಿ ಹಿರಿಯರ ಮುಖ ನೋಡಿ ತೀರ್ಮಾನಿಸಿರಿ. ದಣಿದಿದ್ದರೆ ಅಲ್ಲಿಯೇ ಇಳಿದು, ಊಟ ಮುಗಿಸಿ, ಬಸ್ಸಿನಲ್ಲಿ ಊಟಿಗೆ ಹೋಗಬಹುದು. ಉತ್ಸಾಹವಿದ್ದರೆ ಮುಂದುವರಿಯಿರಿ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಊಟಿ. ಸ್ವಂತ ಕಾರನ್ನು ಮೆಟ್ಟುಪಾಳ್ಯದಲ್ಲಿ ಬಿಟ್ಟರೆ ಮತ್ತೆ ಅಲ್ಲಿಗೇ ಇಳಿಯಬೇಕಾಗುವುದರಿಂದ, ಬಸ್ಸಿನಲ್ಲಿಯೇ ಬಂದು ಬಸ್ಸಿನಲ್ಲಿಯೇ ಮರಳುವುದು ಸುಲಭ. ಕಾರಿನಲ್ಲಿ ನೀಲಗಿರಿಗೆ ಹೋಗಲು ಇ-ಪಾಸ್ ಮಾಡಿಸಬೇಕು, ರೈಲು ಬಸ್ಸುಗಳ ಪ್ರಯಾಣಿಕರಿಗೆ ಅದು ಬೇಕಿಲ್ಲ. ಮರುದಿನ ಊಟಿಯಿಂದ ಮೈಸೂರಿಗೆ ಹೊರಡುವಾಗ, ಬಂಡೀಪುರದ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮಧ್ಯಾಹ್ನದ ಬಸ್ಸನ್ನೇ ಹಿಡಿಯಿರಿ.