ಅಳಿಸಿದ್ದೇ ತಪ್ಪಾಯಿತಲ್ಲ!

ಪತ್ರ: ಅಭ್ಯರ್ಥಿಯೊಬ್ಬರು ಆಡದ ಮಾತನ್ನು ಆಡಿದಂತೆ ತೋರಿಸುವ ವಿಡಿಯೊ ನಮ್ಮ ವಾಟ್ಸಾಪ್ ಗುಂಪಿಗೆ ಬಂದಿತ್ತು. ನಾನಂತೂ ಕೂಡಲೇ ಅಳಿಸಿದೆ. ಇಂಥವರನ್ನು ಒಳಗೆ ಹಾಕುವ ಬಿಗಿ ಕಾನೂನು ಕೇರಳದಲ್ಲಿ ಯಾಕಿಲ್ಲ?
– ಓದುಗರು, ಬದಿಯಡ್ಕ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. 2016ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಸೋಲು-ಗೆಲುವು ತೀರ್ಮಾನವಾದದ್ದು ಬರೇ 89 ಮತಗಳಲ್ಲಿ. ಅಷ್ಟನ್ನು ತಿರುಗಿಸಲು ಒಂದು ವಿಡಿಯೊ ಧಾರಾಳ ಸಾಕು.

ಆದರೆ ಬಿಗಿ ಕಾನೂನಿನ ರುಚಿಯನ್ನು ಕೇರಳ ಆಗಲೇ ನೋಡಿದೆ. 2015ರಲ್ಲಿ ಸುಪ್ರೀಂ ಕೋರ್ಟ್ ಐಟಿ ಕಾಯ್ದೆಯ 66ಎ ಜೊತೆಗೇ ಕೇರಳ ಪೊಲೀಸ್ ಕಾಯ್ದೆಯ 118ಡಿಯನ್ನೂ ರದ್ದು ಮಾಡಿತು; ಎರಡೂ ಇನ್ನೊಬ್ಬರಿಗೆ ಕಿರಿಕಿರಿಯಾಗುವ ಮಾತಿಗೆ ಶಿಕ್ಷೆ ಕೊಡುವ ಕಲಂಗಳು. 2020ರ ನವೆಂಬರಿನಲ್ಲಿ ಮಾನಹಾನಿಯ ಬರಹಕ್ಕೆ ಜೈಲು ವಿಧಿಸುವ 118ಎ ಕಲಂ ಸೇರಿಸಲು ಸುಗ್ರೀವಾಜ್ಞೆ ಬಂತು; ಗದ್ದಲವೆದ್ದು ಕೆಲವೇ ದಿನಗಳಲ್ಲಿ ವಾಪಸಾಯಿತು. ಇಂಥ ಕೊಡಲಿ ಮೊದಲು ಬೀಳುವುದು ವ್ಯಂಗ್ಯಚಿತ್ರಕಾರರ ಮೇಲೆ, ವಿಡಿಯೊ ಮಾಡಿದವರ ಮೇಲಲ್ಲ.

ಇರುವ ಕಾನೂನೇನೂ ಕಮ್ಮಿಯಿಲ್ಲ. ಕಂಪ್ಯೂಟರ್ ಮೂಲಕ ಬೇರೆಯವರ ಸೋಗು ಹಾಕಿ ವಂಚಿಸಿದರೆ ಐಟಿ ಕಾಯ್ದೆಯ 66ಡಿ ಪ್ರಕಾರ 3 ವರ್ಷದವರೆಗೆ ಸಜೆಯುಂಟು. ಇಂಥ ನಕಲಿ ಗಮನಕ್ಕೆ ಬಂದ 3 ಗಂಟೆಯೊಳಗೆ ತೆಗೆಯಬೇಕೆಂದು 2024ರ ಮೇ ತಿಂಗಳಲ್ಲಿ ಚುನಾವಣಾ ಆಯೋಗ ಪಕ್ಷಗಳಿಗೆ ಹೇಳಿದೆ. ಕೇಸು ಬಿದ್ದುಹೋಗುವುದು ಸಾಕ್ಷ್ಯವಿಲ್ಲದೆ. ನಿಮ್ಮಂಥ ಸಜ್ಜನರು ಅಳಿಸಿಬಿಟ್ಟರೆ ಪೊಲೀಸರು ಏನನ್ನು ನೋಡಬೇಕು?

ಸ್ಕ್ರೀನ್‌ಶಾಟ್ ಒಂದೇ ಸಾಲದು. ಬಂದ ಕಡತವನ್ನೇ ಉಳಿಸಿ. ಗುಂಪಿನ ಹೆಸರು, ಕಳಿಸಿದವರ ನಂಬರು, ತಾರೀಕು, ಗಂಟೆ ಬರೆದಿಡಿ. ಠಾಣೆಗೆ ಕೊಡುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ. ವಿಡಿಯೊ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಮತ್ತೆ ಕುಗ್ಗಿಸುತ್ತದೆ, ಕಡತದ ಹ್ಯಾಶ್ (ಅದರ ಬೆರಳಚ್ಚಿನಂಥ ಗುರುತು ಸಂಖ್ಯೆ) ಬದಲಾಗುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರದಲ್ಲಿ ಆ ಹ್ಯಾಶ್ ನಮೂದಿಸಬೇಕು. ಇನ್ನು, ‘ಇದು ಸುಳ್ಳು’ ಎಂದು ಬರೆದು ನಾಲ್ಕು ಗುಂಪಿಗೆ ಹಾಕುವವರಿದ್ದಾರಲ್ಲ, ಪ್ರಚಾರದ ಅರ್ಧ ಕೆಲಸ ಅವರದ್ದೇ.

ಅನುಮಾನವಿದ್ದರೆ ತುಟಿ ನೋಡಿ. ಪ, ಬ, ಮ ಹೇಳುವಾಗ ತುಟಿ ಮುಚ್ಚಲೇಬೇಕು. ನಕಲಿಯಲ್ಲಿ ಅರೆತೆರೆದೇ ಇರುವುದುಂಟು. ಬರೇ ಧ್ವನಿಯಾದರೆ ಈ ಉಪಾಯವೂ ಇಲ್ಲ. 2023ರಲ್ಲಿ ಸ್ಲೊವಾಕಿಯದಲ್ಲಿ ಮತದಾನಕ್ಕೆ ಎರಡು ದಿನವಿರುವಾಗ, ಪ್ರಚಾರ ನಿಷೇಧದ ಹೊತ್ತಿನಲ್ಲೇ ಹರಿದದ್ದು ನಕಲಿ ಆಡಿಯೊ. ಅಂಥ ಹೊತ್ತಿಗೆ ಜೈಲಿನ ಬೆದರಿಕೆ ಏನು ಪ್ರಯೋಜನ? ಬೇಕಾದದ್ದು ಕೂಡಲೇ ಒಂದು ಸ್ಪಷ್ಟನೆ, ಅದೂ ನಮಗೆ ಓದಲು ಬರುವ ಭಾಷೆಯಲ್ಲಿ.

ನನ್ನ ತಕರಾರು ಇರುವುದೇ ಇಲ್ಲಿ. ನಕಲಿ ಪತ್ತೆಗೆಂದು 2024ರಲ್ಲಿ ಶುರುವಾದ ಡೀಪ್‌ಫೇಕ್ಸ್ ಅನಾಲಿಸಿಸ್ ಯುನಿಟ್‌ನ ವಾಟ್ಸಾಪ್ ಸೇವೆ ಆಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿತ್ತು. ಕನ್ನಡ ಇರಲಿಲ್ಲ, ಮಲೆಯಾಳವೂ ಇರಲಿಲ್ಲ. ಸುಳ್ಳು ಕನ್ನಡದಲ್ಲಿ ಬರುತ್ತದೆ, ಅದಕ್ಕೆ ಉತ್ತರ ಮಾತ್ರ ಬೇರೆ ಭಾಷೆಯಲ್ಲಿ! 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಮುಂದಿನ ಸಲ ದೂರನ್ನು ಕನ್ನಡದಲ್ಲೇ ಬರೆಯಿರಿ, ಸ್ಪಷ್ಟನೆಯನ್ನೂ ಕನ್ನಡದಲ್ಲೇ ಹೊರಡಿಸಿ ಎಂದು ಕೊನೆಗೊಂದು ಸಾಲು ಸೇರಿಸಿ.