ಸಂಪಾದಕರ ಉತ್ತರ: ಏರಿನಲ್ಲಿ ಹಾಫ್ ಕ್ಲಚ್

ಓದುಗರೊಬ್ಬರ ಪತ್ರದ ಸಾರ ಇದು: "ಕಾರು ಓಡಿರುವುದು ಬರೀ 28,000 ಕಿಲೋಮೀಟರ್. ಕ್ಲಚ್ ಪ್ಲೇಟ್ ಮುಗಿದಿದೆ, ನೀವು ಓಡಿಸುವ ರೀತಿಯೇ ಸರಿಯಿಲ್ಲ ಎನ್ನುತ್ತಾರೆ ಮೆಕ್ಯಾನಿಕ್. ಏರಿನಲ್ಲಿ ಬ್ರೇಕ್ ಮುಟ್ಟದೆ ಕ್ಲಚ್‌ನಲ್ಲೇ ಗಾಡಿ ಹಿಡಿದು ನಿಲ್ಲಿಸುವಷ್ಟು ಪಳಗಿದ್ದೇನೆ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುತ್ತೇನೆ. ರಿವರ್ಸ್ ಮಾತ್ರ ಕರ್ರೆನ್ನುತ್ತದೆ, ಟ್ರಾಫಿಕ್‌ನಲ್ಲಿ ಎಡ ಮೊಣಕಾಲು ಸೋತುಹೋಗುತ್ತದೆ. ತಪ್ಪು ನನ್ನದೋ, ಗಾಡಿಯದೋ? ಮಾರಿ ಆಟೊಮ್ಯಾಟಿಕ್ ತಗೊಳ್ಳಲೇ?"

ನೀವು ಹೆಮ್ಮೆಯಿಂದ ಬರೆದ ಸಾಲೇ ನಿಮ್ಮ ವಿರುದ್ಧ ಸಾಕ್ಷಿ ನುಡಿಯುತ್ತಿದೆ. ಏರಿನಲ್ಲಿ ಕ್ಲಚ್‌ನಲ್ಲೇ ಗಾಡಿ ನಿಲ್ಲಿಸುತ್ತೀರಲ್ಲ, ಆಗ ಒಳಗೆ ನಡೆಯುವುದನ್ನು ನೋಡಿ. ಇಂಜಿನ್ ಜೊತೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್, ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದೆ, ಅದಕ್ಕೆ ಒತ್ತಿಕೊಂಡ ಕ್ಲಚ್ ಪ್ಲೇಟ್ ಒಂದು ಸುತ್ತೂ ತಿರುಗುತ್ತಿಲ್ಲ. ಗಾಡಿ ಮುಂದೆ ಹೋಗದ ಮೇಲೆ ಇಂಜಿನ್ ಅಲ್ಲಿ ಕೊಟ್ಟ ಶಕ್ತಿಯೆಲ್ಲ ಉಜ್ಜಾಟದ ಬಿಸಿಯಾಗಿಯೇ ಹೋಗಬೇಕು. ಸುಟ್ಟ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಪ್ಲೇಟ್‌ನ ಆಯಸ್ಸು ಒಂದಿಷ್ಟು ಕರಗಿರುತ್ತದೆ. ಹಾಫ್ ಕ್ಲಚ್, ಅಂದರೆ ಪೆಡಲ್ ಅರ್ಧ ಬಿಟ್ಟ ಸ್ಥಿತಿ, ಗಾಡಿ ಹೊರಡುವಾಗ ಒಂದೆರಡು ಸೆಕೆಂಡ್ ದಾಟಿಹೋಗುವ ಹೊಸ್ತಿಲು. ಅದರ ಮೇಲೆ ನಿಲ್ಲಬಾರದು.

ಏರಿನಲ್ಲಿ ಗಾಡಿ ಹಿಡಿಯುವ ಕೆಲಸ ಹ್ಯಾಂಡ್ ಬ್ರೇಕ್‌ನದು. ಅದನ್ನು ಪೂರ್ತಿ ಎಳೆದು ನ್ಯೂಟ್ರಲ್‌ನಲ್ಲಿ ನಿಲ್ಲಿ. ಹೊರಡುವಾಗ ಕ್ಲಚ್ ಪೂರ್ತಿ ಒತ್ತಿ ಫಸ್ಟ್ ಹಾಕಿ, ಆಕ್ಸಿಲರೇಟರ್ ಮೆಲ್ಲಗೆ ತುಳಿದು 1,500 ಸುತ್ತಿಗೆ ತನ್ನಿ, ಕ್ಲಚ್ ನಿಧಾನ ಬಿಡಿ. ಇಂಜಿನ್ ಸದ್ದು ಒಂದು ಹಂತ ಕುಗ್ಗುತ್ತದೆ, ಮುಂದಿನ ಚಕ್ರ ಎಳೆಯುವ ಗಾಡಿಯಾದರೆ ಬಾನೆಟ್ ತುಸು ಮೇಲೇಳುತ್ತದೆ. ಆ ಕ್ಷಣದಲ್ಲಿ ಕಾಲು ಅಲ್ಲಾಡಿಸದೆ ಹ್ಯಾಂಡ್ ಬ್ರೇಕ್ ಇಳಿಸಿ. ಗಾಡಿ ಹಿಂದೆ ಜಾರುವುದಿಲ್ಲ. ಜಾರಿತೆಂದರೆ ಬ್ರೇಕ್ ಬೇಗ ಇಳಿಸಿದಿರಿ. ಆಫ್ ಆಯಿತೆಂದರೆ ಕ್ಲಚ್ ಬೇಗ ಬಿಟ್ಟಿರಿ, ಇಲ್ಲವೇ ಆಕ್ಸಿಲರೇಟರ್ ಸಾಲಲಿಲ್ಲ.

ಕ್ಲಚ್ ಹಿಡಿಯುವ ಜಾಗ ಕಾಲಿಗೆ ಇನ್ನೂ ಗೊತ್ತಾಗಿಲ್ಲವೆಂದರೆ ಸಮತಟ್ಟಾದ ಖಾಲಿ ಜಾಗಕ್ಕೆ ಹೋಗಿ. ಫಸ್ಟ್ ಗೇರ್, ಆಕ್ಸಿಲರೇಟರ್ ಮುಟ್ಟುವಂತಿಲ್ಲ. ಹಿಮ್ಮಡಿ ನೆಲಕ್ಕೂರಿ, ಗಾಡಿ ತೆವಳಲು ಶುರುವಾಗುವವರೆಗೆ ಕ್ಲಚ್ ಬಿಡಿ, ಮತ್ತೆ ಒತ್ತಿ. ಹತ್ತು ಸಲ ಮಾಡಿದರೆ ಸಾಕು. ಬೇರೆಯವರ ಕಾರಿನಲ್ಲಿ ಕೂತಾಗಲೂ ಮೊದಲು ಇದನ್ನೇ ಮಾಡಿ, ಒಂದೊಂದು ಗಾಡಿಗೆ ಆ ಜಾಗ ಒಂದೊಂದು ಕಡೆ ಇರುತ್ತದೆ.

ಇನ್ನು ಟ್ರಾಫಿಕ್. ಮುಂದಿನ ಗಾಡಿ ಒಂದಡಿ ಸರಿದಾಗಲೆಲ್ಲ ನೀವೂ ಒಂದಡಿ ಸರಿದರೆ ಮೊಣಕಾಲು ಸೋಲದೆ ಇನ್ನೇನಾದೀತು! ಎರಡು ಕಾರಿನಷ್ಟು ಜಾಗ ತೆರೆಯುವವರೆಗೆ ನ್ಯೂಟ್ರಲ್‌ನಲ್ಲಿ ಕಾಯಿರಿ. ಆಮೇಲೆ ಫಸ್ಟ್‌ನಲ್ಲಿ ಹೊರಟು ಕ್ಲಚ್‌ನಿಂದ ಕಾಲು ಪೂರ್ತಿ ತೆಗೆಯಿರಿ; ಆಕ್ಸಿಲರೇಟರ್ ಮುಟ್ಟದ ಐಡ್ಲಿಂಗ್‌ನಲ್ಲೇ ಗಾಡಿ ನಡಿಗೆಯ ವೇಗದಲ್ಲಿ ತೆವಳುತ್ತದೆ. ಸಿಗ್ನಲ್‌ನಲ್ಲಿ ಗೇರ್ ಹಾಕಿಟ್ಟು ಕ್ಲಚ್ ತುಳಿದು ನಿಲ್ಲುವುದೂ ಬೇಡ, ಅಷ್ಟು ಹೊತ್ತೂ ಪ್ಲೇಟನ್ನು ಬಿಡಿಸಲು ಒತ್ತುವ ರಿಲೀಸ್ ಬೇರಿಂಗ್ ಭಾರ ಹೊತ್ತು ತಿರುಗುತ್ತಿರುತ್ತದೆ. ಓಡಿಸುವಾಗ ಎಡಗಾಲು ಪೆಡಲ್ ಮೇಲೆ ವಿಶ್ರಾಂತಿ ತೆಗೆದುಕೊಳ್ಳುವುದಂತೂ ಕೂಡದು. ಸೀಟನ್ನೂ ನೋಡಿಕೊಳ್ಳಿ: ಪೆಡಲ್ ತಳ ಮುಟ್ಟಿದಾಗ ಮೊಣಕಾಲು ಸ್ವಲ್ಪ ಬಾಗಿಯೇ ಇರಬೇಕು. ಕಾಲು ನೆಟ್ಟಗಾಗುತ್ತಿದ್ದರೆ ಸೀಟು ಹಿಂದಿದೆ ಎಂದರ್ಥ.

ಇಳಿಜಾರಿನ ನ್ಯೂಟ್ರಲ್ ಕಾರ್ಬ್ಯುರೇಟರ್ ಕಾಲದ ಲೆಕ್ಕ. ಈಗಿನ ಇಂಜೆಕ್ಷನ್ ಇಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಧನ ಪೂರ್ತಿ ನಿಲ್ಲುತ್ತದೆ, ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ಐಡ್ಲಿಂಗ್‌ಗೆ ಪೆಟ್ರೋಲ್ ಹೋಗುತ್ತಲೇ ಇರಬೇಕು. ಅಂದರೆ ಉಳಿತಾಯ ಉಲ್ಟಾ. ಅದಕ್ಕಿಂತ ದೊಡ್ಡ ಮಾತು, ಇಂಜಿನ್ ಹಿಡಿತವಿಲ್ಲದ ಗಾಡಿಯನ್ನು ಬ್ರೇಕ್ ಒಂದೇ ತಡೆಯಬೇಕು. ಉದ್ದದ ಇಳಿಜಾರಿನಲ್ಲಿ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕಡಿದಾದ ಇಳಿಜಾರಿಗೆ ಸೆಕೆಂಡ್ ಅಥವಾ ಥರ್ಡ್, ಅದೂ ಇಳಿಯಲು ಶುರುಮಾಡುವ ಮೊದಲೇ.

ರಿವರ್ಸ್ ಕರ್ರೆನ್ನುವುದರಲ್ಲಿ ನಿಮ್ಮ ತಪ್ಪು ಚಿಕ್ಕದು. 1928ರಲ್ಲಿ ಕ್ಯಾಡಿಲಾಕ್ ಕಾರುಗಳಿಗೆ ಗೇರ್ ಕೂಡುವ ಮೊದಲು ವೇಗ ಸರಿಸಮ ಮಾಡಿಕೊಡುವ ಸಿಂಕ್ರೊಮೆಶ್ ಬಂದ ಮೇಲೆ ಮುಂದಕ್ಕೆ ಓಡಿಸುವ ಗೇರ್‌ಗಳು ಒಂದೊಂದಾಗಿ ಪಳಗಿದವು, ಬಹಳಷ್ಟು ಕಾರುಗಳಲ್ಲಿ ರಿವರ್ಸ್‌ಗೆ ಇಂದಿಗೂ ಆ ಭಾಗ್ಯವಿಲ್ಲ. ಗಾಡಿ ಪೂರ್ತಿ ನಿಲ್ಲಲಿ, ಕ್ಲಚ್ ಒತ್ತಿ ಮೂರು ಸೆಕೆಂಡ್ ಬಿಟ್ಟು ಹಾಕಿ. ಆಗಲೂ ಸದ್ದು ಬಂದರೆ ಒಮ್ಮೆ ಫಸ್ಟ್‌ಗೆ ತಳ್ಳಿ ತೆಗೆದು ರಿವರ್ಸ್‌ಗೆ ಹಾಕಿ. ಫಸ್ಟ್‌ನ ಸಿಂಕ್ರೊ ಒಳಗಿನ ಶಾಫ್ಟನ್ನು ನಿಲ್ಲಿಸಿಕೊಡುತ್ತದೆ. ಅದಕ್ಕೂ ಜಗ್ಗದಿದ್ದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ: ಕೇಬಲ್ ಸಡಿಲವಾಗಿರಬಹುದು, ಹೈಡ್ರಾಲಿಕ್ ಆದರೆ ಫ್ಲೂಯಿಡ್ ಸೋರಿಕೆ ಇರಬಹುದು. ಗೇರ್ ಆಯಿಲ್ ವಿಷಯದಲ್ಲಿ ಒಂದೇ ಎಚ್ಚರಿಕೆ. ಕಾರಿನ ಕೈಪಿಡಿ ಜಿಎಲ್-4 ದರ್ಜೆಯ ಆಯಿಲ್ ಎಂದಿದ್ದರೆ, ಒಳ್ಳೆಯದಿರಬೇಕು ಎಂದುಕೊಂಡು ಜಿಎಲ್-5 ಹಾಕಿಸಬೇಡಿ.

ಆಟೊಮ್ಯಾಟಿಕ್ ತಗೊಳ್ಳಬೇಕೇ? ದಿನಕ್ಕೆರಡು ಗಂಟೆ ತೆವಳುವ ರಸ್ತೆಯೇ ನಿಮ್ಮ ಪಾಲಾಗಿದ್ದರೆ ತಗೊಳ್ಳಿ, ಅದರಲ್ಲಿ ಸೋಲೇನಿಲ್ಲ. ಆದರೆ ತೆರೆದ ರಸ್ತೆ ಆಗಾಗ ಸಿಗುವುದಾದರೆ ಅದಕ್ಕೆ ಮುಂಚೆ ಒಂದು ಕೆಲಸ ಕಲಿತು ನೋಡಿ. ಓವರ್‌ಟೇಕ್‌ಗೆ ಫೋರ್ತ್‌ನಿಂದ ಥರ್ಡ್‌ಗೆ ಇಳಿಸುವಾಗ, ಫೋರ್ತ್‌ನಲ್ಲಿ 2,000 ಇದ್ದ ಇಂಜಿನ್ ಥರ್ಡ್‌ನಲ್ಲಿ ಅದೇ ವೇಗಕ್ಕೆ ಸುಮಾರು 2,700 ತಿರುಗಬೇಕು. ಕ್ಲಚ್ ಒತ್ತಿದ್ದಾಗಲೇ ಆಕ್ಸಿಲರೇಟರ್‌ಗೆ ಒಂದು ತಟ್ಟು ಕೊಟ್ಟು ಆ ವ್ಯತ್ಯಾಸ ತುಂಬಿ, ಆಮೇಲೆ ಕ್ಲಚ್ ಬಿಡಿ. ಪಕ್ಕದಲ್ಲಿ ಮಲಗಿದವರಿಗೆ ಗೇರ್ ಬದಲಾದದ್ದೇ ತಿಳಿಯಬಾರದು. ಗೇರ್ ಗಾಡಿಯ ಸುಖ ಇರುವುದು ಅಲ್ಲಿ, ಕ್ಲಚ್ ಉಳಿಯುವುದೂ ಅಲ್ಲೇ.

ಮೆಕ್ಯಾನಿಕ್ ಮಾತನ್ನು ಪರೀಕ್ಷಿಸದೆ ಗಾಡಿ ಬಿಚ್ಚಿಸಬೇಡಿ. ಖಾಲಿ ರಸ್ತೆಯಲ್ಲಿ 50 ಕಿಲೋಮೀಟರ್ ವೇಗಕ್ಕೆ ಫೋರ್ತ್ ಹಾಕಿ ಆಕ್ಸಿಲರೇಟರ್ ಪೂರ್ತಿ ತುಳಿಯಿರಿ. ಇಂಜಿನ್ ಸುತ್ತು ತೋರಿಸುವ ಮುಳ್ಳು ಸರ್ರನೆ ಮೇಲೇರಿ ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿರುವುದು ನಿಜ. ಬದಲಿಸುವುದಾದರೆ ಪ್ಲೇಟ್, ಅದನ್ನು ಫ್ಲೈವೀಲ್‌ಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ, ಏಕೆಂದರೆ ಯಾವುದು ಕೆಟ್ಟರೂ ಗೇರ್‌ಬಾಕ್ಸ್ ಮತ್ತೆ ಇಳಿಸಲೇಬೇಕು. ಬಿಚ್ಚಿದ ಹಳೆಯ ಸೆಟ್ ಕೇಳಿ ನೋಡಿ. ಕ್ಲಚ್ ಪ್ಲೇಟ್ ಮೇಲಿನ ಉಜ್ಜುವ ಪದರ, ಅಂದರೆ ಲೈನಿಂಗ್, ರಿವಿಟ್‌ವರೆಗೆ ಸವೆದು, ಪ್ರೆಶರ್ ಪ್ಲೇಟ್ ಮೇಲೆ ನೀಲಿ ಕಲೆಗಳಿದ್ದರೆ ಅದು ಹಾಫ್ ಕ್ಲಚ್‌ನ ಬಿಸಿ. ಮೆಕ್ಯಾನಿಕ್ ಹೇಳಿದ್ದು ಸರಿ. ಲೈನಿಂಗ್ ಇನ್ನೂ ದಪ್ಪಗಿದ್ದು ಎಣ್ಣೆ ಕುಡಿದು ಕಪ್ಪಾಗಿದ್ದರೆ ಇಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಅಥವಾ ಗೇರ್‌ಬಾಕ್ಸ್ ಸೀಲ್ ಸೋರಿದೆ. ಆಗ ತಪ್ಪು ನಿಮ್ಮದಲ್ಲ, ಆದರೆ ಆ ಸೀಲ್ ಬದಲಿಸದೆ ಹೊಸ ಪ್ಲೇಟ್ ಹಾಕಲು ಬಿಡಬೇಡಿ.